ಹಿಂಬದಿ ಹಾಳೆಯ ಚುಕ್ಕೆಗಳು

"ಖಾಲಿ ಹಾಳೆ ಖಾಲಿನೇ ಆಂಟಿ! ನೀವು ಎಷ್ಟು ಸಲ ತಿರುವಿ ಹಾಕಿದ್ರೂ ಖಾಲಿನೇ!"

"ಖಾಲಿ ಅಲ್ಲ ಅಂತ ಮೂರು ವಾರದಿಂದ ಬಡ್ಕೋತಾ ಇದೀನಿ ಮೂರ್ತಿಯವರೇ. ಕಣ್ಣಿದ್ರೆ ನೋಡಿ."

"ಕಣ್ಣಿದೆ. ಗಡಿಯಾರನೂ ಇದೆ. ನಾಳೆ ಹತ್ತು ಗಂಟೆಗೆ ಶ್ರೆಡ್ ಮಾಡೋ ಟ್ರಕ್ ಬರತ್ತೆ. ಅದು ನಿಮ್ಮ ಚುಕ್ಕೆ ಎಣಿಸ್ಕೊಂಡು ನಿಂತ್ಕೊಳಲ್ಲ."

"ಟ್ರಕ್ ಬರಲಿ, ಟ್ರಕ್ಕಿನಪ್ಪ ಬರಲಿ. ಹಾಳೆ ಹಿಂಬದಿ ಸ್ಕ್ಯಾನ್ ಆಗದೆ ನಾನು ಒಂದು ಪೆಟ್ಟಿಗೆನೂ ಬಿಟ್ಟು ಕೊಡಲ್ಲ."

"ಬಿಟ್ಟು ಕೊಡಕ್ಕೆ ಪೆಟ್ಟಿಗೆ ನಿಮ್ದಲ್ಲ, ನಂದೂ ಅಲ್ಲ!"

ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನ ತಗಡು ಛಾವಣಿಯ ಶೆಡ್ಡಿನಲ್ಲಿ ಗುರುವಾರ ಬೆಳಗಿನ ಐದು ಮುಕ್ಕಾಲು. ಬಂಡೆಗುಡ್ಡದ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಹಳದಿ ಬಣ್ಣಕ್ಕೆ ತಿರುಗಿದ ಹಾಳೆಯೊಂದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ನಿಂತಿರುವವರು ಕನೀಜ್ ಫಾತಿಮಾ, ವಯಸ್ಸು ಐವತ್ತೇಳು. ಎದುರಿಗೆ ಕಾರಿನ ಕೀಲಿ ಆಡಿಸುತ್ತಾ ನಿಂತಿರುವವರು ಕೇಶವಮೂರ್ತಿ. ಬೆಂಗಳೂರಿನವರು, ನಲವತ್ತು ದಾಟಿದವರು, ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಸಿ.ಡಿ.ಗೆ ಇಳಿಸಿಕೊಡುವ ಈ ಸಣ್ಣ ಕಂಪನಿಯ ಮಾಲೀಕರು. ಹನ್ನೊಂದು ಜನ ಕೆಲಸಗಾರರ ಪೈಕಿ ಮೊದಲು ಬಂದು ಬೀಗ ತೆಗೆಯುವವರು ಕನೀಜ್. ಈ ವಾರ ಮಾಲೀಕರು ಅವರಿಗಿಂತ ಮುಂಚೆ ಬಂದು ಕಾಯುತ್ತಿದ್ದಾರೆ.

ಕನೀಜ್ ಮಾಡುವ ಕೆಲಸವನ್ನು ಯಾವ ಪತ್ರಿಕೆಯೂ ಬರೆದಿಲ್ಲ. ಶಾಲೆಯ ಇತಿಹಾಸ ಬರೆಯುವವರು ಕಟ್ಟಡದ ಫೋಟೋ ಹಾಕುತ್ತಾರೆ, ಕಲ್ಲಿನ ಮೇಲೆ ಕೆತ್ತಿದ ದೊಡ್ಡವರ ಹೆಸರು ಹಾಕುತ್ತಾರೆ. ಬೆಂಚಿನ ಮೇಲೆ ಯಾರು ಕೂತಿದ್ದರು ಎಂದು ದಿನಾ ಗುರುತು ಹಾಕಿದ ಮೇಷ್ಟರು ಯಾರಿಗೂ ಬೇಡ. ಆ ಗುರುತುಗಳನ್ನು ನೂರ ನಲವತ್ತು ವರ್ಷದ ನಂತರ ಗಾಜಿನ ಮೇಲೆ ಮಲಗಿಸಿ ಒಂದೊಂದಾಗಿ ಉಳಿಸುವ ಹೆಂಗಸಂತೂ ಇನ್ನೂ ಬೇಡ.

ಸ್ಯಾನ್ ಡಿಯಾಗೋ ಕಡೆಯ ಒಂದು ಸರ್ಕಾರಿ ಉಗ್ರಾಣದಿಂದ ಎಪ್ಪತ್ತನಾಲ್ಕು ಪೆಟ್ಟಿಗೆಗಳು ಇಲ್ಲಿಗೆ ಬಂದದ್ದು ಕಳೆದ ಅಕ್ಟೋಬರಿನಲ್ಲಿ. ಈಗ ೨೦೦೫ರ ಮಾರ್ಚ್. ಎಲ್ಲವೂ ಬೆಟ್ಟದ ಊರುಗಳ ಒಂದೇ ಕೋಣೆಯ ಶಾಲೆಗಳ ಹಾಜರಿ ಪುಸ್ತಕಗಳು. ಕೆಲವು ೧೮೬೦ರ ದಶಕದವು. ಉಗ್ರಾಣದಲ್ಲಿ ಜಾಗವಿಲ್ಲ, ಸಿ.ಡಿ. ಸಾಕು, ಕಾಗದ ಬೇಡ ಎಂದು ಕರಾರಾಗಿದೆ. ಪುಸ್ತಕದ ಬೆನ್ನು ಕತ್ತರಿಸಬೇಕು, ಹಾಳೆ ಬಿಡಿಸಬೇಕು, ಸ್ಕ್ಯಾನ್ ಮಾಡಬೇಕು, ಮತ್ತೆ ಪೆಟ್ಟಿಗೆಗೆ ತುಂಬಿ ಶ್ರೆಡ್ ಮಾಡಲು, ಅಂದರೆ ಚೂರು ಚೂರು ಮಾಡಲು, ಕಳಿಸಬೇಕು. ಖಾಲಿ ಹಾಳೆ, ಖಾಲಿ ಹಿಂಬದಿ ಸ್ಕ್ಯಾನ್ ಮಾಡುವಂತಿಲ್ಲ. ಹೊಸ ಕಾಗದವಾದರೆ ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಈ ಹಾಳೆಗಳು ಹಪ್ಪಳದಂತೆ ಮುರಿಯುತ್ತವೆ, ಕೈಯಲ್ಲೇ ಇಡಬೇಕು. ಕನೀಜ್ ದಿನಕ್ಕೆ ಸಾವಿರದ ನಾನೂರು ಹಾಳೆ ಇಡುತ್ತಾರೆ. ಪಕ್ಕದ ಮೇಜಿನವರು ಒಂಬೈನೂರಕ್ಕೆ ಸುಸ್ತು.

"ಮಲಗಿರೋ ಮಗೂನ ಎತ್ತಿ ತೊಟ್ಟಿಲಿಗೆ ಹಾಕ್ತೀವಲ್ಲ, ಹಾಗೆ ಇಡಬೇಕು," ಎನ್ನುತ್ತಾರೆ ಅವರು. "ಉಸಿರು ಬಿಟ್ರೂ ಮೂಲೆ ಮುರೀತದೆ."

ಅವರು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ೧೯೬೮ರಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ತಿರುಮಕೂಡಲು ನರಸೀಪುರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಕನ್ನಡ ಶಾಲೆಗೆ ಟೀಚರಾಗಿ ಸೇರಿದರು. ನಮ್ಮ ಗಣರಾಜ್ಯಕ್ಕೆ ಆಗ ಹದಿನೆಂಟು ವರ್ಷ. ಊರಿಗೆ ಓಟು ಬಂದಿತ್ತು, ಕರೆಂಟು ಬಂದಿರಲಿಲ್ಲ. ಎರಡು ಕೋಣೆ, ನಾಲ್ಕು ತರಗತಿ, ಒಂದು ಕಪ್ಪು ಹಲಗೆ. ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಗಂಡ ರಹಮತುಲ್ಲಾ ಅವರ ಅಣ್ಣ ಚಾಟ್ಸ್‌ವರ್ತಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಅವರು ತಮ್ಮನಿಗಾಗಿ ಹಾಕಿದ್ದ ಅರ್ಜಿ ಹನ್ನೊಂದು ವರ್ಷದ ಮೇಲೆ ಪಾಸಾಯಿತು. ಬಂದು ನೋಡಿದರೆ ಇಲ್ಲಿ ಅವರ ಟಿ.ಸಿ.ಎಚ್. ಸರ್ಟಿಫಿಕೇಟಿಗೆ ಬೆಲೆಯಿಲ್ಲ. ಮೊದಲಿನಿಂದ ಓದಿ ಬನ್ನಿ ಎಂದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವರಿಗೆ ಈ ಮಾತು ಹೇಳಲು ನಾಲಿಗೆ ಹೇಗೆ ಹೊರಳುತ್ತದೋ! ಕನೀಜ್ ಮೂರು ವರ್ಷದ ಕೆಳಗೆ ಈ ಶೆಡ್ಡಿಗೆ ಬಂದು ಕೂತರು.

ಕೆಲಸದಲ್ಲಿ ಅವರಿಗೊಂದು ಚಟ, ಶುಚಿ. ಅವರ ಕಾಲದ ಇನ್‌ಸ್ಪೆಕ್ಟರುಗಳು ಹಾಜರಿ ಪುಸ್ತಕದಲ್ಲಿ ಶಾಯಿಯ ಕಲೆ ಕಂಡರೆ ಕೆಂಪು ಗೆರೆ ಎಳೆದು ಎಲ್ಲರೆದುರಿಗೆ ಬಯ್ಯುತ್ತಿದ್ದರು. ಆ ಹೆದರಿಕೆ ಇನ್ನೂ ಮೈಯಲ್ಲಿದೆ. ಸ್ಕ್ಯಾನರಿನಲ್ಲಿ ಒಂದು ಸೆಟ್ಟಿಂಗ್ ಇದೆ. ಒತ್ತಿದರೆ ಹಾಳೆಯ ಮೇಲಿನ ದೂಳು, ಸಣ್ಣ ಚುಕ್ಕೆ, ಕೊಳೆ ಎಲ್ಲ ಮಾಯ. ಬೇರೆಯವರು ಅದನ್ನು ಬೇಕಾದಾಗ ಮಾತ್ರ ಒತ್ತುತ್ತಾರೆ. ಕನೀಜ್ ಮೊದಲ ದಿನವೇ ಒತ್ತಿ ಹಾಗೇ ಬಿಟ್ಟಿದ್ದರು. ಅವರ ಹಾಳೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಕೇಶವಮೂರ್ತಿ ಅವನ್ನೇ ಮಾದರಿಯೆಂದು ಗಿರಾಕಿಗಳಿಗೆ ತೋರಿಸುತ್ತಿದ್ದರು.

ಅವರ ಮೇಜಿನಲ್ಲೇ ಅರವತ್ತಮೂರು ಪೆಟ್ಟಿಗೆ ಹಾಗೆ ಮುಗಿದವು. ತಿಂಗಳಿಗೊಮ್ಮೆ ಬರುವ ಟ್ರಕ್ ಕೊಂಡೊಯ್ದಿತು, ಅವು ಚೂರೂ ಆಗಿಬಿಟ್ಟವು.

ಮೂರು ವಾರದ ಕೆಳಗೆ ಒಂದು ಮುಂಜಾನೆ, ಅರವತ್ತನಾಲ್ಕನೆಯ ಪೆಟ್ಟಿಗೆಯ ಒಂದು ಹಾಳೆ ಅವರ ಕೈಯಿಂದ ಜಾರಿ ಮಗುಚಿ ಬಿತ್ತು. ೧೮೬೬ರ ಪುಸ್ತಕದ ಕಟ್ಟಕಡೆಯ ಹಾಳೆ. ಮುಂದೆ ಹಾಜರಿ, ಹಿಂದೆ ಖಾಲಿ. ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ದೀಪದ ಬೆಳಕು ಓರೆಯಾಗಿ ಬಿತ್ತು. ಖಾಲಿ ಹಾಳೆಯ ಮೇಲೆ ಸೀಸದ ಕಡ್ಡಿಯ ಸಣ್ಣ ಸಣ್ಣ ಚುಕ್ಕೆಗಳು, ಸಾಲಾಗಿ. ಒಂದು ಸಾಲಿನಲ್ಲಿ ಆರು, ಕೆಳಗೆ ಐದು, ಮತ್ತೆ ಆರು.

ಕನೀಜ್ ಹಾಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಮತ್ತೆ ಎಣಿಸಿದರು.

"ಆ ಚುಕ್ಕೆ ನಾನೂ ಇಟ್ಟಿದೀನಿ," ಎನ್ನುತ್ತಾರೆ. "ಅದೇ ಜಾಗದಲ್ಲಿ. ಕಡೇ ಹಾಳೆ ಬೆನ್ನ ಮೇಲೆ, ಸೀಸದ ಕಡ್ಡೀಲಿ."

ಅವರ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಕೊಡುತ್ತಿದ್ದರು. ಹೆಸರು ದಾಖಲಾದ ಮಕ್ಕಳಿಗೆ ಮಾತ್ರ. ಆದರೆ ಶಾಲೆಗೆ ಬರುವವರು ಅವರಷ್ಟೇ ಅಲ್ಲ. ತಮ್ಮನನ್ನು ಸೊಂಟದ ಮೇಲೆ ಹೊತ್ತ ಹುಡುಗಿಯರು, ಬೆಳಿಗ್ಗೆ ದನ ಮೇಯಿಸಿ ಬರುವವರು, ಕೇರಿಯಿಂದ ಬಂದು ಬಾಗಿಲಾಚೆ ಕೂರುವವರು. ಅವರನ್ನು ಸೇರಿಸಲು ಅಪ್ಪಂದಿರು ಹೆಬ್ಬೆಟ್ಟು ಒತ್ತುವುದಿಲ್ಲ, ಊರಿನ ದೊಡ್ಡವರು ಒಪ್ಪುವುದಿಲ್ಲ. ಕನೀಜ್ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಅಕ್ಷರ ತಿದ್ದಿಸುತ್ತಿದ್ದರು. ಅಡುಗೆಯವಳಿಗೆ ಎಷ್ಟು ತಟ್ಟೆ ಜಾಸ್ತಿ ಬೇಕೆಂದು ಹೇಳಲು ಪುಸ್ತಕದ ಕೊನೆಯಲ್ಲಿ ತಲೆಗೊಂದು ಚುಕ್ಕೆ. ಸೀಸದ ಕಡ್ಡಿಯೇ ಯಾಕೆಂದರೆ, ಇನ್‌ಸ್ಪೆಕ್ಟರು ಬರುವ ದಿನ ಅಳಿಸಬೇಕಲ್ಲ!

ಕ್ಯಾಲಿಫೋರ್ನಿಯಾದ ಬೆಟ್ಟದ ಊರಿನಲ್ಲಿ ಅದೇ ಚುಕ್ಕೆ ಇಟ್ಟವರು ಯಾರು? ಈ ನಾಡು ರಾಜ್ಯವಾಗಿ ಆಗಿನ್ನೂ ಹದಿನಾರು ವರ್ಷ. ಎಲ್ಲರ ತೆರಿಗೆಯಿಂದ ಎಲ್ಲರ ಮಕ್ಕಳಿಗೆ ಶಾಲೆ ಎಂಬ ಮಾತು ಹೊಚ್ಚ ಹೊಸದು. ಎಲ್ಲರ ಮಕ್ಕಳು ಅಂದರೆ ಯಾರ ಮಕ್ಕಳು ಎಂಬಲ್ಲಿ ಮಾತ್ರ ಬಾಯಿಗೆ ಬೀಗ. ಈ ನೆಲದ ಮೂಲ ಜನರ ಮಕ್ಕಳು, ಚೀನೀಯರ ಮಕ್ಕಳು, ಕರಿಯರ ಮಕ್ಕಳು ಬಿಳಿಯರ ಮಕ್ಕಳ ಜೊತೆ ಕೂರುವಂತಿರಲಿಲ್ಲ. ಕೂರಿಸಿಕೊಂಡ ಶಾಲೆಗೆ ಸರ್ಕಾರದ ಹಣ ನಿಲ್ಲಿಸುವ ಕಾನೂನೇ ಇತ್ತು. ಪ್ರಜಾಪ್ರಭುತ್ವ ಎಳೆಯದಿದ್ದಾಗ ಎಲ್ಲ ಕಡೆ ಇದೇ ಹಾಡು. ಬಾಗಿಲಿನ ಮೇಲೆ ‘ಎಲ್ಲರಿಗೂ’ ಎಂದು ಬೋರ್ಡು, ಬಾಗಿಲಲ್ಲಿ ಕಾವಲುಗಾರ.

ಅಂದು ಮಧ್ಯಾಹ್ನ ಕನೀಜ್ ಊಟ ಮಾಡಲಿಲ್ಲ. ಮುಗಿದ ಅರವತ್ತಮೂರು ಪೆಟ್ಟಿಗೆಗಳ ಸಿ.ಡಿ. ಹಾಕಿ ನೋಡಿದರು. ಹಾಳೆಗಳ ಮುಂಬದಿ ಬೆಳ್ಳಗೆ ಹೊಳೆಯುತ್ತಿದೆ. ಅಂಚಿನಲ್ಲೇನಾದರೂ ಚುಕ್ಕೆಗಳಿದ್ದಿದ್ದರೆ ಅವರ ಕೈಯೇ ಅಳಿಸಿದೆ. ಖಾಲಿಯೆಂದು ಬಿಟ್ಟ ಹಿಂಬದಿಗಳು ಇಲ್ಲವೇ ಇಲ್ಲ.

"ಯಾರೂ ಹೇಳಿರ್ಲಿಲ್ಲ. ನಾನೇ ಒತ್ತಿದ್ದು," ಎನ್ನುತ್ತಾರೆ. ಇದನ್ನು ಹೇಳುವಾಗ ಅವರ ಬೆರಳುಗಳು ದುಪಟ್ಟಾದ ಅಂಚನ್ನು ಮಡಚುತ್ತವೆ, ಬಿಚ್ಚುತ್ತವೆ, ಮತ್ತೆ ಮಡಚುತ್ತವೆ.

ಆ ಭಾನುವಾರ ಗಂಡ ಹೆಂಡತಿ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಗೆ, ಮಗಳು ಫಲಕ್ ಮನೆಗೆ ಹೋದರು. ಫಲಕ್ ಅಲ್ಲಿನ ಒಂದು ಲ್ಯಾಬಿನಲ್ಲಿ ಸಂಶೋಧಕಿ. ಅಮ್ಮ ಸೆರಗಿನ ಕೆಂಡದಂತೆ ಕಟ್ಟಿಕೊಂಡು ತಂದ ಸಂಗತಿಯನ್ನೆಲ್ಲ ಕೇಳಿ ಟೀ ಲೋಟ ಕೆಳಗಿಟ್ಟಳು.

"ಅಮ್ಮಿ, ನೊಣ ಕೂತು ಹೋಗಿರಬಹುದು. ನೂರ ನಲವತ್ತು ವರ್ಷ ಆಗಿದೆ."

"ನೊಣ ಲೈನಾಗಿ ಕೂರುತ್ತಾ? ದಿನಕ್ಕೊಂದು ಸಾಲು ಬಿಟ್ಟು ಕೂರುತ್ತಾ?"

"ಸರಿ. ಆದರೆ ಮಕ್ಕಳೇ ಅಂತ ಹೆಂಗೆ ಹೇಳ್ತೀಯಾ? ಕೋಳಿ ಇಟ್ಟ ಮೊಟ್ಟೆ ಇರಬಹುದು. ಸೌದೆ ಹೊರೆ ಇರಬಹುದು. ಬೇರೆ ಯಾವುದಕ್ಕಾದ್ರೂ ತಾಳೆ ಆಗಬೇಕು. ಒಂದು ದಿನದ್ದು ಸಾಕಾಗಲ್ಲ, ಐದು ದಿನದ್ದು ನೋಡು."

ರಹಮತುಲ್ಲಾ ಸೋಫಾದಿಂದಲೇ ನಕ್ಕರು. "ನಿಮ್ಮಮ್ಮ ಊರಲ್ಲಿ ಇದ್ದ ಶಾಲೆ ನೋಡ್ಕೊಂಡಳು. ಈಗ ಸತ್ತೋದ ಶಾಲೆನೂ ಇವಳೇ ನೋಡ್ಕೋಬೇಕಂತೆ."

"ನೀವು ಸುಮ್ನಿರಿ. ನಿಮಗೆ ಹಾಜರಿ ಕೂಗಿದ್ರೆ ನಿದ್ದೇಲಿ ‘ಪ್ರೆಸೆಂಟ್’ ಅಂತೀರ."

ಮಗಳ ಮಾತು ಕನೀಜರಿಗೆ ನಾಟಿತು. ಸೋಮವಾರ ನಸುಕಿನಲ್ಲೇ ಹೋಗಿ ೧೮೬೬ರ ಪುಸ್ತಕವನ್ನು ಮತ್ತೆ ಹರಡಿದರು. ಆ ಮೇಷ್ಟರಿಗೆ ಒಂದು ರೂಢಿ ಇತ್ತು. ದಿನದ ಕೊನೆಗೆ ಅಂಚಿನಲ್ಲಿ ತೊಳೆದಿಟ್ಟ ಸ್ಲೇಟುಗಳ ಸಂಖ್ಯೆ ಬರೆಯುತ್ತಿದ್ದರು. ಒಂದು ಮಂಗಳವಾರ ಹಾಜರಿ ಹತ್ತೊಂಬತ್ತು, ಸ್ಲೇಟು ಇಪ್ಪತ್ತೈದು. ಹಿಂಬದಿಯಲ್ಲಿ ಚುಕ್ಕೆ ಆರು. ಬುಧವಾರ ಹಾಜರಿ ಇಪ್ಪತ್ತು, ಸ್ಲೇಟು ಇಪ್ಪತ್ತೈದು, ಚುಕ್ಕೆ ಐದು. ಗುರುವಾರ, ಶುಕ್ರವಾರ, ಮುಂದಿನ ಸೋಮವಾರ, ಎಲ್ಲವೂ ತಾಳೆಯಾದವು. ಸುಳ್ಳು ಹಾಜರಿ ಹಿಡಿಯುವುದು ಹೇಗೆಂದು ಗೊತ್ತಿರುವ ಹಳ್ಳಿ ಟೀಚರಿಗೆ ಇಷ್ಟು ಸಾಕು. ಇಲ್ಲಿ ಸುಳ್ಳು ಇರುವುದು ಕಡಿಮೆ ಬರೆಯುವುದರಲ್ಲಿ. ಮಕ್ಕಳಿದ್ದಾರೆ, ಹೆಸರಿಲ್ಲ.

ಫಲಕ್ ಪೆಟ್ಟಿಗೆ ಕಳಿಸಿದ ಸ್ಯಾನ್ ಡಿಯಾಗೋದ ಉಗ್ರಾಣದ ಕಚೇರಿಗೆ ಫೋನ್ ಮಾಡಿದಳು. ಹೆಚ್ಚಿನ ಹಾಳೆ ಸೇರಿಸಿ ಕೊಟ್ಟರೆ ಅಡ್ಡಿಯಿಲ್ಲ, ಗಡುವು ಮಾತ್ರ ಎರಡು ವಾರ ಬಿಟ್ಟು ಬರುವ ಶುಕ್ರವಾರವೇ, ಕಾಗದ ವಾಪಸು ಇಟ್ಟುಕೊಳ್ಳಲು ಸದ್ಯ ಜಾಗವಿಲ್ಲ ಎಂದು ಉತ್ತರ ಬಂತು. ಉಳಿದದ್ದು ಹನ್ನೊಂದು ಪೆಟ್ಟಿಗೆ. ಹಾಳೆಗಳ ಮುಂಬದಿ ಹೇಗೂ ದಿನದ ಪಾಳಿಯಲ್ಲಿ ಮುಗಿಯುತ್ತದೆ. ಹಿಂಬದಿಗೆ ಸಮಯವಿಲ್ಲ. ಹಾಗಾಗಿ ಕನೀಜ್ ಬೆಳಗಿನ ನಮಾಜು ಮುಗಿಸಿ ಮೊದಲ ಬಸ್ಸು ಹಿಡಿದು, ಪಾಳಿಗೆ ಮುಂಚಿನ ಎರಡೂವರೆ ಗಂಟೆ ಇದಕ್ಕೇ ಕೂತರು. ಸಂಬಳವಿಲ್ಲದ ಎರಡೂವರೆ ಗಂಟೆ. ಶುಚಿ ಮಾಡುವ ಸೆಟ್ಟಿಂಗನ್ನು ಆಫ್ ಮಾಡಿ ಅದರ ಗುಂಡಿಯ ಮೇಲೆ ಟೇಪು ಅಂಟಿಸಿದರು.

ಕೇಶವಮೂರ್ತಿ ಕೆಟ್ಟವರಲ್ಲ. ಬಾಡಿಗೆಯ ಶೆಡ್ಡು, ತಡವಾದರೆ ದಂಡ, ಮುಂದಿನ ಗಿರಾಕಿಯ ಮುನ್ನೂರು ಪೆಟ್ಟಿಗೆ ಹೊರಗೆ ಕಾದು ನಿಂತಿದೆ. ಇರುವ ಹೆದರಿಕೆಯೆಲ್ಲ ಅವರ ಬಾಯಿಂದ ಬೈಗುಳವಾಗಿ ಬರುತ್ತದೆ.

"ಒಂದು ಪೆಟ್ಟಿಗೆ ಆಚೀಚೆ ಆದ್ರೆ ನನ್ನ ಲೈಸೆನ್ಸೇ ಹೋಗತ್ತೆ ಆಂಟಿ. ಆಮೇಲೆ ಹನ್ನೊಂದು ಜನಾನೂ ನಿಮ್ಮ ಚುಕ್ಕೆ ಎಣಿಸ್ಕೊಂಡು ಕೂರಬೇಕು."

"ಪೆಟ್ಟಿಗೆ ಎಲ್ಲಿಗೂ ಹೋಗಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ರಿಜಿಸ್ಟರ್ ಮನೆಗೆ ತಗೊಂಡು ಹೋಗಿಲ್ಲ ನಾನು."

"ಅಷ್ಟೊಂದು ಪ್ರೀತಿ ಯಾಕೆ ಅಂತೀನಿ? ಅವು ನಿಮ್ಮ ಮಕ್ಕಳಾ?"

ಕನೀಜ್ ಇನ್ನೊಂದು ಹಾಳೆ ಎತ್ತಿ ಗಾಜಿನ ಮೇಲಿಟ್ಟರು. ಈ ಪ್ರಶ್ನೆಯ ಉತ್ತರ ಈವರೆಗೆ ಗಂಡನಿಗೆ ಮಾತ್ರ ಗೊತ್ತಿತ್ತು.

೧೯೭೪ರ ಜುಲೈ. ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದುಬಿಟ್ಟರು. ಹಾಲಿನ ಪುಡಿ ಕಡಿಮೆ ಇದೆ, ಟೀಚರು ಕದ್ದು ಮಾರಿದ್ದಾರೆ ಎಂದು ಯಾರೋ ಅರ್ಜಿ ಗುಜರಾಯಿಸಿದ್ದರು. ಜೀಪಿನ ಸದ್ದು ಕೇಳಿದ ಕೂಡಲೇ ಕನೀಜ್ ಹಿಂದಿನ ಸಾಲಿನ ಹನ್ನೊಂದು ಮಕ್ಕಳನ್ನು ಹಿತ್ತಲ ಬಾಗಿಲಿಂದ ಕಳಿಸಿ, ರಬ್ಬರು ತೆಗೆದುಕೊಂಡು ಕಡೆಯ ಹಾಳೆ ಉಜ್ಜಿದರು. ಸಣ್ಣತಾಯಿ ಎಂಬ ಎಂಟು ವರ್ಷದ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಏರಿಸಿಕೊಂಡು ಬಾಗಿಲಲ್ಲಿ ತಿರುಗಿ, "ವೋಗ್ಬುಟ್ ಬತ್ತೀನಿ ಮಿಸ್ಸು," ಅಂದಳು. ಹತ್ತು ಮಕ್ಕಳು ಮಾರನೆಯ ದಿನ ಬಂದರು. ಅವಳು ಬರಲಿಲ್ಲ. ನಾಲ್ಕು ದಿನ ಬಿಟ್ಟು ಕೇರಿಗೆ ಹೋಗಿ ಕೇಳಿದರೆ ಮನೆಯವರೆಲ್ಲ ಕಬ್ಬು ಕಡಿಯಲು ಬೇರೆ ಸೀಮೆಗೆ ಹೋಗಿದ್ದರು.

"ಅವಳು ‘ಮಳೆ’ ಅಂತ ಬರೀತಿದ್ದಳು. ಳಕಾರದ ಬಾಲ ಉದ್ದ ಎಳೀತಿದ್ದಳು," ಎನ್ನುತ್ತಾರೆ ಕನೀಜ್. "ಅವಳು ನಮ್ಮ ಶಾಲೇಲಿ ಓದಿದಳು ಅನ್ನೋಕೆ ಇದ್ದಿದ್ದು ಆ ಚುಕ್ಕೆ ಒಂದೇ. ಅದನ್ನೂ ನಾನೇ ಉಜ್ಜಿ ಹಾಕಿದೆ."

ಇನ್‌ಸ್ಪೆಕ್ಟರು ಪುಸ್ತಕ ನೋಡಿ, "ಬಹಳ ಶುಚಿಯಾಗಿದೆ" ಎಂದು ಷರಾ ಬರೆದು ಹೋದರಂತೆ.

ಶುಕ್ರವಾರ. ಕನೀಜ್ ನಾಲ್ಕೂವರೆಗೇ ಬಂದಿದ್ದಾರೆ. ಬಸ್ಸಿಲ್ಲದ ಹೊತ್ತು, ರಹಮತುಲ್ಲಾ ಕಾರಿನಲ್ಲಿ ಬಿಟ್ಟು ಹೋಗಿದ್ದಾರೆ. ಎಂಟೂವರೆಗೆ ಒಂಬತ್ತನೆಯ ಪೆಟ್ಟಿಗೆ ಮುಗಿಯುತ್ತದೆ. ಚುಕ್ಕೆ ಸಿಕ್ಕ ಹಾಳೆಗಳು ಈವರೆಗೆ ನೂರ ಮೂವತ್ತೊಂದು. ಕೈ ಬೇಗ ಓಡಿದರೆ ಹಾಳೆ ಮುರಿಯುತ್ತದೆ, ನಿಧಾನವಾದರೆ ಟ್ರಕ್ ಬರುತ್ತದೆ. ಒಂದು ಹಾಳೆಯ ಮೂಲೆ ಮುರಿದೇಬಿಟ್ಟಿತು. ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಚೂರನ್ನು ಜಾಗಕ್ಕೆ ಕೂಡಿಸಿ ಮುಂದುವರಿಯುತ್ತಾರೆ. ಗಡಿಯಾರದ ಕಡೆ ಬೆನ್ನು ಹಾಕಿ ಕೂತರೂ ಅದರ ಸದ್ದು ಕೇಳುತ್ತದೆ.

ಟ್ರಕ್ ಹತ್ತಕ್ಕೆ ಬರಬೇಕಿದ್ದುದು ಒಂಬತ್ತೂ ಕಾಲಿಗೇ ಬಂದು ಹಿಮ್ಮುಖವಾಗಿ ಬಾಗಿಲಿಗೆ ನಿಲ್ಲುತ್ತದೆ. ಕೇಶವಮೂರ್ತಿ ಹಲಗೆಗೆ ಸಿಕ್ಕಿಸಿದ ಒಂದು ಫಾರಂ ಹಿಡಿದು ಬರುತ್ತಾರೆ. ಸ್ಕ್ಯಾನ್ ಮಾಡಿದವರು ಅದರಲ್ಲಿ ಸಹಿ ಹಾಕಬೇಕು. ಎಲ್ಲ ಹಾಳೆ ನೋಡಿದ್ದೇನೆ, ಬಿಟ್ಟ ಹಾಳೆಗಳಲ್ಲಿ ಏನೂ ಇರಲಿಲ್ಲ, ನಾಶ ಮಾಡಬಹುದು. ಆ ಸಹಿ ಇಲ್ಲದೆ ಟ್ರಕ್ಕಿನವನು ಮುಟ್ಟುವಂತಿಲ್ಲ.

"ಎರಡು ಪೆಟ್ಟಿಗೆ ಬಾಕಿ ಇದೆ," ಎನ್ನುತ್ತಾರೆ ಕನೀಜ್. "ಮಧ್ಯಾಹ್ನದವರೆಗೆ ಬಿಡಿ."

"ಆಗಲ್ಲ. ಅವನು ಕಾಯಲ್ಲ. ಸೈನ್ ಹಾಕಿ."

"ಅದರಲ್ಲಿ ಏನಿದೆ ಅಂತ ನಾನು ನೋಡಿಲ್ಲ."

"ಅರವತ್ತಮೂರು ಪೆಟ್ಟಿಗೆಗೆ ಹಾಕಿದ್ರಲ್ಲ, ಆವಾಗ ನೋಡಿದ್ರಾ?"

ಶೆಡ್ಡಿನಲ್ಲಿ ಉಳಿದವರ ಕೈಗಳು ನಿಲ್ಲುತ್ತವೆ. ಕನೀಜ್ ಕೈಯಲ್ಲಿದ್ದ ಹಾಳೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ. ಮಾಲೀಕರಿಗೂ ಹೇಳಬಾರದ್ದು ಹೇಳಿದೆನೆಂದು ಗೊತ್ತಾಗುತ್ತದೆ, ಆದರೆ ಬಾಯಿಂದ ಬಿದ್ದ ಮಾತು.

"ಇಲ್ಲ ಕಣಪ್ಪ, ನೋಡಿರ್ಲಿಲ್ಲ," ಎನ್ನುತ್ತಾರೆ ಕನೀಜ್. ಮೂರು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ಟೀಚರು. "ಅದಕ್ಕೇ ಇದಕ್ಕೆ ಹಾಕಲ್ಲ. ಪೆನ್ ಕೊಡು ಇಲ್ಲಿ."

ಅವರು ಫಾರಮ್ಮನ್ನು ಮೇಜಿನ ಮೇಲಿಟ್ಟು ಒಂಬತ್ತು ಪೆಟ್ಟಿಗೆಗಳ ಎದುರು ಸಹಿ ಮಾಡುತ್ತಾರೆ. ಉಳಿದೆರಡರ ಎದುರು ದುಂಡು ಅಕ್ಷರದ ಇಂಗ್ಲಿಷಿನಲ್ಲಿ ಬರೆಯುತ್ತಾರೆ: ಹಾಳೆಗಳ ಹಿಂಬದಿಯನ್ನು ನಾನು ನೋಡಿಲ್ಲ. ಕೆಳಗೆ ಹೆಸರು, ತಾರೀಖು. ಬರೆಯುವಾಗ ಪೆನ್ನು ಕಕ್ಕಿ ಒಂದು ತೊಟ್ಟು ಶಾಯಿ ಹಾಳೆಯ ನಡುವೆ ಬೀಳುತ್ತದೆ. ಒರೆಸಲು ಎತ್ತಿದ ದುಪಟ್ಟಾದ ತುದಿಯನ್ನು ಅವರು ಹಾಗೇ ಕೆಳಗಿಳಿಸುತ್ತಾರೆ.

"ಇದನ್ನ ನಾನು ಯಾರಿಗೆ ತೋರಿಸ್ಲಿ?" ಕೇಶವಮೂರ್ತಿ ಕಿರುಚುತ್ತಾರೆ. "ಬೇರೆ ಫಾರಂ ತರ್ತೀನಿ, ಸರಿಯಾಗಿ ಬರೆದುಕೊಡಿ. ಇಲ್ಲಾಂದ್ರೆ ಸೋಮವಾರದಿಂದ ಬರಬೇಡಿ!"

ಟ್ರಕ್ಕಿನವನು ಫಾರಂ ಇಸಿದುಕೊಂಡು ಓದುತ್ತಾನೆ. ಭುಜ ಕುಣಿಸುತ್ತಾನೆ. ಒಂಬತ್ತು ಪೆಟ್ಟಿಗೆ ಒಂದೊಂದಾಗಿ ಏರಿಸುತ್ತಾನೆ. ಉಳಿದೆರಡನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿ, ಹಿಂದಿನ ಬಾಗಿಲು ಎಳೆದು ಬೋಲ್ಟ್ ಹಾಕುತ್ತಾನೆ.

ಆ ಎರಡನ್ನು ಇನ್ನು ಯಾರು ತೆರೆಯುತ್ತಾರೆ, ಹೇಗೆ ತೆರೆಯುತ್ತಾರೆ, ಬೇರೆ ಯಾರಾದರೂ ಬಂದು ಕಣ್ಣು ಮುಚ್ಚಿ ಸಹಿ ಹಾಕುತ್ತಾರೋ, ಕನೀಜರಿಗೆ ತಿಳಿಯದು. ಅವರು ಟಿಫನ್ ಡಬ್ಬಿ ತೆಗೆದುಕೊಳ್ಳುತ್ತಾರೆ. ಶೆಡ್ಡಿನ ಕೀಲಿಯನ್ನು ಮೇಜಿನ ಮೇಲಿಡುತ್ತಾರೆ. ಸ್ಕ್ಯಾನರಿನ ಮೇಲೆ ಅಂಟಿಸಿದ ಟೇಪನ್ನು ಹೆಬ್ಬೆರಳಿನಿಂದ ಇನ್ನೊಂದು ಸಲ ಒತ್ತಿ ಭದ್ರ ಮಾಡುತ್ತಾರೆ.

"ಇಪ್ಪತ್ತೆಂಟು ವರ್ಷ ಒಂದು ಕಲೆ ಇಲ್ಲದ ಹಾಗೆ ಬರೆದೆ ಮೂರ್ತಿ," ಎನ್ನುತ್ತಾರೆ. "ಇದೊಂದು ಇರಲಿ."

"ಆಂಟಿ, ಎಲ್ಲಿಗೆ? ಆಂಟಿ!"

ಹೊರಗೆ ಬಿಸಿಲು ಬಂದಿದೆ. ಕನೀಜ್ ಫಾತಿಮಾ ಬಸ್ ಸ್ಟಾಪಿನ ಕಡೆ ನಡೆಯುತ್ತಾರೆ. ಅವರ ಕುರ್ಚಿಯ ಮೇಲೆ ಹಳೆಯ ಸೀರೆಯಿಂದ ಹೊಲಿದ ದಿಂಬೊಂದು ಹಾಗೇ ಉಳಿದಿದೆ. ಅದನ್ನು ತರಲೂ ಅವರು ಮತ್ತೆ ಆ ಶೆಡ್ಡಿಗೆ ಹೋಗಿಲ್ಲ.